ಬುದ್ಧನ ಎದೆ ಏರುವಾಗ

ಶಹಾಪುರಕ್ಕೆ ಬಂದವರು ರಸ್ತೆಬದಿಗೆ ಗಾಡಿ ನಿಲ್ಲಿಸಿ, ಮಲಗಿದ ಬುದ್ಧನ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಎದ್ದು ಕಾಣುವ ಹಾಗೆ ಗುಡ್ಡಗಳ ಸಾಲು ಅಂಗಾತ ಮಲಗಿದೆ. ಅದರ ಮೇಲೆ ಓಡಾಡಿದವರು ಬೇಕೆಂದರೆ ಕುರಿಗಾರರನ್ನೋ ಸೀತಾಫಲ ಕೀಳುವವರನ್ನೋ ಹುಡುಕಬೇಕು. ಚಾರಣಕ್ಕೆಂದು ಮಲೆನಾಡಿಗೆ ರಾತ್ರಿ ಬಸ್ಸು ಹಿಡಿಯುವ ನಮ್ಮ ಹುಡುಗರು ಊರ ಹಿಂದಿನ ಗುಡ್ಡ ಏರಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಇಲ್ಲಿ ಎತ್ತರ ದೊಡ್ಡದಲ್ಲ, ಕಲ್ಲು ದೊಡ್ಡದು. ಮನೆಯಷ್ಟು ಗಾತ್ರದ ಗುಂಡುಗಳು ಒಂದರ ಮೇಲೊಂದು ಕೂತಿವೆ. ಸಂದುಗಳಲ್ಲಿ ಕಾರೆ, ಕಳ್ಳಿ. ದಾರಿ ಅಂತ ಇಲ್ಲ, ಕುರಿ ಹಿಕ್ಕೆ ಬಿದ್ದಲ್ಲಿ ಕಾಲಿಟ್ಟುಕೊಂಡು ಹೋಗಬೇಕು. ಕೆಳಗೆ ಸಿಕ್ಕ ಕುರಿಗಾರ ಹಿರಿಯರು ಹೇಳಿದ್ದೂ ಅಷ್ಟೇ: "ಏರೋದು ಸರಳ ಅದ ರೀ, ಇಳಿಯೋದೇ ತ್ರಾಸ. ಕಲ್ಲು ಬಡಿದು ನೋಡಿ ಕಾಲಿಡ್ರಿ."

ಬಡಿದು ನೋಡಿದೆ. ಬಂಡೆಯ ಮೈಯಿಂದ ಎರಡು ಬೆರಳು ದಪ್ಪದ ಹಾಳೆ ಬಿಟ್ಟುಕೊಂಡಿರುವ ಕಡೆ ಸದ್ದು ಡೊಬಡೊಬ ಎನ್ನುತ್ತದೆ; ಅಲ್ಲಿ ಭಾರ ಹಾಕಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ರಾತ್ರಿಯ ತಂಪು, ಬಿರುಕಿಗಿಳಿಯುವ ಮಳೆನೀರು ಎಲ್ಲ ಸೇರಿ ಕಲ್ಲಿನ ಮೂಲೆಗಳನ್ನು ತಿಂದು ದುಂಡಗೆ ಮಾಡಿವೆ. ಅಂಗೈ ಊರಿದರೆ ಒರಟು ಹರಳು. ನಡುವೆ ಕಾಗೆಬಂಗಾರದ ಚೂರುಗಳ ಮಿಂಚು. ಈ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೈಯಿಟ್ಟು ನಿಂತಾಗ ಬುದ್ಧ ನೆನಪಿಗೇ ಬರುವುದಿಲ್ಲ. ಹತ್ತಿರ ಹೋದಷ್ಟೂ ಮೂಗು, ಗದ್ದ ಚದುರಿ ಹೋಗಿ, ಕಲ್ಲಷ್ಟೇ ಎದುರಿಗೆ ಉಳಿಯುತ್ತದೆ. ನನಗೆ ಹೆಚ್ಚು ಪ್ರೀತಿ ಆ ಕಲ್ಲಿನ ಮೇಲೆಯೇ.

ನೆತ್ತಿಯ ಮೇಲಿಂದ ನಾರಾಯಣಪುರ ಜಲಾಶಯದ ಕಾಲುವೆ ನೀರುಂಡ ಭತ್ತದ ಗದ್ದೆಗಳು, ಅವುಗಳಾಚೆ ತೊಗರಿ, ಹತ್ತಿಯ ಹೊಲಗಳು ಕಂಡವು. ಪಕ್ಕದ ವಿಭೂತಿಹಳ್ಳಿಯಲ್ಲಿ ಹಿಂದಿನವರು ಇಂಥದೇ ಗುಂಡುಗಳನ್ನು ಹೊಲದಲ್ಲಿ ಅಳತೆ ತಪ್ಪದ ಸಾಲುಗಳಾಗಿ ಇಟ್ಟಿದ್ದಾರೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಅವುಗಳ ಬಗ್ಗೆ ಬರೆದ. ಸುರಪುರದ ಗುಡ್ಡದ ಮೇಲೆ ಆತನ ಬಂಗಲೆ ಈಗಲೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಊರಿಂದೂರಿಗೆ ಕುದುರೆಯ ಮೇಲೆ ಅಲೆದವನಿಗೆ ಈ ಕಲ್ಲುಗಳ ಬೆಲೆ ಗೊತ್ತಾಗಿತ್ತು.

ನಮಗೂ ಗೊತ್ತಾಗಬೇಕು. ಕಲ್ಯಾಣ ಕರ್ನಾಟಕದ ಎಷ್ಟೋ ಗುಡ್ಡಗಳು ಜಲ್ಲಿಯಾಗಿ ರಸ್ತೆಗೆ ಬಿದ್ದಿವೆ. ಯಾರೂ ಕಾಲಿಡದ ಗುಡ್ಡ ಕರಗಿದರೆ ಕೇಳುವವರೂ ಇರುವುದಿಲ್ಲ. ಅದಕ್ಕೇ ಎಲ್ಲರನ್ನೂ ಕರೆಯುತ್ತೇನೆ. ಮಳೆಗಾಲ ಮುಗಿದ ಮೇಲೆ, ಹುಲ್ಲು ಇನ್ನೂ ಹಸಿರಿದ್ದು ದೊಣೆಗಳಲ್ಲಿ ನೀರು ನಿಂತಿರುವಾಗ ಬನ್ನಿ. ಕುಡಿಯುವ ನೀರು ಹೊತ್ತುಕೊಳ್ಳಿ, ಗಟ್ಟಿ ಅಟ್ಟೆಯ ಬೂಟು ಹಾಕಿಕೊಳ್ಳಿ, ಊರಿನ ಕುರಿಗಾರರೊಬ್ಬರನ್ನು ಜೊತೆಗೆ ಕರೆದುಕೊಂಡು ಬೆಳಕು ಹರಿಯುವ ಮುಂಚೆಯೇ ಹೊರಡಿ.