ತೊಗಲು ಚಡ್ಡಿಗಳ ಮೆರವಣಿಗೆ

ಸೆಪ್ಟೆಂಬರ್ ತಿಂಗಳ ಭಾನುವಾರ ಬೆಳಗ್ಗೆ ಮ್ಯೂನಿಕ್‌ನ ಮೆಟ್ರೋ ಹತ್ತಿದರೆ ಬೋಗಿಯ ತುಂಬ ತೊಗಲು ಚಡ್ಡಿ ತೊಟ್ಟ ಗಂಡಸರು! ಕಾಲೇಜು ಹುಡುಗನಿಗೂ ಅದೇ, ನರೆತ ಮೀಸೆಯ ಹಿರಿಯರಿಗೂ ಅದೇ. ಎದುರಿಗೆ ಕೂತ ಅಜ್ಜಿ ಬಿಳಿ ರವಿಕೆಯ ಮೇಲೆ ಬಿಗಿ ಕುಪ್ಪಸ, ನೆರಿಗೆ ಲಂಗ ತೊಟ್ಟು ಮುಂದೆ ರೇಷ್ಮೆಯ ಏಪ್ರನ್ ಕಟ್ಟಿದ್ದಾರೆ. ಇದೇ ಡಿರ್ನ್‌ಡಲ್. ಏಪ್ರನ್ ಗಂಟು ಎಡಕ್ಕಿದ್ದರೆ ಒಂಟಿ, ಬಲಕ್ಕಿದ್ದರೆ ಜೋಡಿಯಾದವಳು ಎಂದು ಇಲ್ಲಿನವರ ಮಾತು. ಅಜ್ಜಿಯ ಗಂಟು ಬಲಕ್ಕಿದೆ. ಪಕ್ಕದಲ್ಲೇ ಅಜ್ಜ ತೂಕಡಿಸುತ್ತಿದ್ದಾರೆ.

ಇವತ್ತು ಅಕ್ಟೋಬರ್‌ಫೆಸ್ಟ್‌ನ ಉಡುಪಿನ ಮೆರವಣಿಗೆ. 1810ರಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ತೆರೇಸಾ ಮದುವೆಯ ಸಂಭ್ರಮಕ್ಕೆ ಊರಾಚೆಯ ಬಯಲಿನಲ್ಲಿ ಕುದುರೆ ಓಟ ನಡೆದದ್ದೇ ಈ ಹಬ್ಬದ ಮೂಲ. ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ, 1835ರಲ್ಲಿ, ಮೊದಲ ಮೆರವಣಿಗೆ ಹೊರಟಿತು. ಈಗ ಸುಮಾರು 9,000 ಜನ ಏಳು ಕಿಲೋಮೀಟರ್ ನಡೆಯುತ್ತಾರೆ. ಎಲ್ಲರಿಗಿಂತ ಮುಂದೆ, ಕಪ್ಪು-ಹಳದಿ ನಿಲುವಂಗಿಯ ಯುವತಿಯೊಬ್ಬಳು ಕುದುರೆಯೇರಿ ಬರುತ್ತಾಳೆ. ಅವಳ ಹಿಂದೆ ಬವೇರಿಯಾದ ಹಳ್ಳಿಹಳ್ಳಿಯ ವಾದ್ಯಮೇಳಗಳು. ಆಸ್ಟ್ರಿಯಾ, ಇಟಲಿಯಿಂದಲೂ ತಂಡಗಳು ಬಂದಿವೆ. ಕಾಫಿ ಅಂಗಡಿ ಎದುರು ಬದಿಯಲ್ಲೇ ಕಾಣುತ್ತಿದೆ. ಆದರೆ ಮೆರವಣಿಗೆ ಮುಗಿಯುವವರೆಗೆ ರಸ್ತೆ ದಾಟುವ ಹಾಗಿಲ್ಲ!

ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ನನ್ನ ಕುತೂಹಲ ಕಂಡು ತಮ್ಮ ಚಡ್ಡಿಯನ್ನು ಮುಟ್ಟಿ ನೋಡಲು ಹೇಳುತ್ತಾರೆ. ಜಿಂಕೆಯ ತೊಗಲು, ಮಖಮಲ್ಲಿನಷ್ಟು ಮೆದು. ಮುಂದುಗಡೆ ಅಡ್ಡಲಾಗಿ ಬೆಳ್ಳಿ ಸರ. ಅದರಲ್ಲಿ ಹಳೆಯ ನಾಣ್ಯ, ಜಿಂಕೆಯ ಹಲ್ಲು, ಕಾಡುಹಂದಿಯ ಕೋರೆ ತೂಗುತ್ತಿವೆ. ತಾತನ ಕಾಲದ್ದಂತೆ. ಬಲತೊಡೆಯ ಸಣ್ಣ ಜೇಬಿನಲ್ಲಿ ಕೊಂಬಿನ ಹಿಡಿಯ ಚೂರಿ. ನನಗೆ ಥಟ್ಟನೆ ನೆನಪಾದದ್ದು ಕೊಡವರ ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ. ಅದೇ ಬೇಟೆಯ ನೆನಪು, ಅದೇ ಗತ್ತು. ಈ ಚಡ್ಡಿ ಮರೆಯಾಗುತ್ತಿದ್ದ ಹೊತ್ತಿಗೆ, 1883ರಲ್ಲಿ, ಬೈರಿಷ್‌ಟ್ಸೆಲ್ ಎಂಬ ಹಳ್ಳಿಯ ಮೇಷ್ಟ್ರು ಯೋಸೆಫ್ ಫೋಗಲ್ ಅದನ್ನು ಉಳಿಸಲೆಂದು ಗೆಳೆಯರನ್ನು ಸೇರಿಸಿ ಸಂಘ ಕಟ್ಟಿದರು.

ಅಷ್ಟರಲ್ಲಿ ಕಡುನೀಲಿಯ ಮೇಲೆ ಬಿಳಿ ಹೂ ಅಚ್ಚಾದ ಲಂಗಗಳ ಸಾಲು. ಮರದ ಅಚ್ಚಿನಲ್ಲಿ ಅಂಟು ಒತ್ತಿ, ಬಟ್ಟೆಯನ್ನು ನೀಲಿ ತೊಟ್ಟಿಯಲ್ಲಿ ಅದ್ದಿದರೆ ಅಂಟಿದ್ದಲ್ಲಿ ಬಿಳಿ ಉಳಿಯುತ್ತದೆ. ಈ ಕಸುಬನ್ನು 2018ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನೀಲಿ ಒಂದು ಕಾಲದಲ್ಲಿ ಹಡಗೇರಿ ಬರುತ್ತಿದ್ದುದು ನಮ್ಮ ಭಾರತದಿಂದ! ಎಂಥ ಹೆಮ್ಮೆಯಾಯಿತು ನನಗೆ.

ಡಿರ್ನ್‌ಡಲ್‌ನ ಕಥೆ ಎದೆ ಹಿಂಡುತ್ತದೆ. ಹಳ್ಳಿಯ ದುಡಿಮೆಯ ಉಡುಪಾಗಿದ್ದ ಅದಕ್ಕೆ ಪಟ್ಟಣದ ಚೆಲುವು ಕೊಟ್ಟವರು ಮ್ಯೂನಿಕ್‌ನ ಯಹೂದಿ ಸೋದರರಾದ ಜೂಲಿಯಸ್ ಮತ್ತು ಮೊರಿಟ್ಜ್ ವಾಲಾಖ್. 1910ರಲ್ಲಿ ಹಬ್ಬಕ್ಕೆ ನೂರು ತುಂಬಿದಾಗ ಮೆರವಣಿಗೆಗೆ ಉಡುಪು ಒದಗಿಸಿದವರು ಅವರೇ. ನಾತ್ಸಿಗಳು ಅವರ ಅಂಗಡಿ ಕಿತ್ತುಕೊಂಡರು; ಮೊರಿಟ್ಜ್ ಅಮೆರಿಕಕ್ಕೆ ಪಾರಾದರು. ಈ ಉಡುಪು ಯಾವ ಒಂದು ಜಾತಿ-ಜನಾಂಗದ ಸೊತ್ತೂ ಅಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ? ಕ್ಯಾಮರೂನ್ ಮೂಲದ ಅಕ್ಕತಂಗಿಯರು ಇದೇ ಊರಿನಲ್ಲಿ ‘ನೋ ನೀ’ ಹೆಸರಿನಲ್ಲಿ ಆಫ್ರಿಕಾದ ಬಣ್ಣಬಣ್ಣದ ಬಟ್ಟೆಯಿಂದಲೇ ಡಿರ್ನ್‌ಡಲ್ ಹೊಲಿಸಿದ್ದಾರೆ.

ಮಧ್ಯಾಹ್ನ ಹಬ್ಬದ ಬಯಲಿಗೆ ಹೋದರೆ ಬಾಗಿಲಲ್ಲೇ ತಡೆ. ಮೂರು ಲೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಚೀಲ ಇಟ್ಟು ಬರುವಷ್ಟರಲ್ಲಿ ಡೇರೆಗಳೆಲ್ಲ ಭರ್ತಿ. ಹೊರಗಿನ ಬೆಂಚಿನಲ್ಲಿ ಹೇಗೋ ಜಾಗ ಸಿಕ್ಕಿತು. ಸಸ್ಯಾಹಾರಿಗೆ ಮೊರದಗಲದ ಪ್ರೆಟ್ಸೆಲ್ ಮತ್ತು ಚೀಸಿನಲ್ಲಿ ಮುಳುಗಿದ ಶ್ಪೆಟ್ಸ್‌ಲೆ ಎಂಬ ಗಿಡ್ಡ ನೂಡಲ್ಸ್. ಹೊಟ್ಟೆ ತುಂಬಿತು.

ಮೇಜಿನ ಆಚೆ ತುದಿಯಿಂದ ‘ಕನ್ನಡದವ್ರೇನ್ರಿ?’ ಎಂಬ ದನಿ. ಹಸಿರು ಡಿರ್ನ್‌ಡಲ್, ಕಿವಿಯಲ್ಲಿ ಝುಮಕಿ. ಹುಬ್ಬಳ್ಳಿಯ ಹುಡುಗಿ, ಇಲ್ಲಿ ಇಂಜಿನಿಯರ್. ಆಫೀಸಿನ ಗೆಳತಿ ಅಂಗಡಿಗೆ ಕರೆದೊಯ್ದು ತಾನೇ ಆರಿಸಿ ಕೊಡಿಸಿದಳಂತೆ. ‘ಯುಗಾದಿಗೆ ನಾ ಆಕಿಗೆ ಇಳಕಲ್ ಸೀರಿ ಉಡಿಸಿದ್ನಿರಿ’ ಎನ್ನುತ್ತಾಳೆ. ಸೀರೆಯ ಹೆಸರು ಕಿವಿಗೆ ಬಿದ್ದದ್ದೇ ತಡ, ಅವಳ ಪಕ್ಕದಲ್ಲೇ ಕೂತಿದ್ದ ಆ ಜರ್ಮನ್ ಗೆಳತಿ ನನ್ನತ್ತ ತಿರುಗಿ, ಟೋಪಿತೆನಿ ಸೆರಗು ಹೇಗಿರುತ್ತದೆಂದು ಮೇಜಿನ ಮೇಲೆ ಬೆರಳಿನಿಂದ ಬರೆದು ವಿವರಿಸತೊಡಗುತ್ತಾಳೆ.