ಬೋಣಿ ಹೊತ್ತಿನಲ್ಲಿ

ಚಿಕ್ಕ ಗಡಿಯಾರದ ಕಡೆಯಿಂದ ಮೈಸೂರಿನ ದೇವರಾಜ ಮಾರುಕಟ್ಟೆಯೊಳಕ್ಕೆ ಕಾಲಿಟ್ಟಿದ್ದೀರಿ. ಬೆಳಗಿನ ಹೊತ್ತು, ನೆಲ ಇನ್ನೂ ಒದ್ದೆ.

"ಬೋಣಿ ಮಾಡಿ ಹೋಗಣ್ಣಾ, ನಿನ್ ಕೈಗುಣ ಚೆನ್ನಾಗೈತೆ."

ಹೂವಿನಾಕೆ ನಿಮ್ಮನ್ನು ನೋಡುತ್ತಿರುವುದೇ ಈಗ. ಕೈಗುಣ ಅವಳಿಗೆ ಹೇಗೆ ಗೊತ್ತು? ಆದರೂ ಬೋಣಿಗೆ ಮುಂಚೆ ಬೇಡವೆಂದರೆ ಅವಳ ದಿನವೇ ಕೆಟ್ಟೀತೆಂಬ ಅಳುಕು ನಿಮ್ಮನ್ನು ನಿಲ್ಲಿಸುತ್ತದೆ. "ಎಷ್ಟು ಮೊಳ?" ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಆಕೆ ಹಾರಿಸಿಬಿಟ್ಟಳು, ಗಮನಿಸಿದಿರಾ? ನೀವು "ಒಂದು" ಎನ್ನುವಷ್ಟರಲ್ಲಿ ಮಲ್ಲಿಗೆ ಮೊಣಕೈಯಿಂದ ಬೆರಳ ತುದಿಗೆ ಅಳೆದಾಗಿದೆ, ದಾರ ತುಂಡಾಗಿದೆ. ಇನ್ನು ಚೌಕಾಸಿಗೆ ಬಾಯಿ ಬರುವುದಿಲ್ಲ. ದುಡ್ಡು ಎಣಿಸಿಕೊಂಡ ಮೇಲೆ ನಾಲ್ಕು ಬೆರಳಿನಷ್ಟು ಹೂವು ಕೊಸರು.

ಕುಂಕುಮದ ಗುಡ್ಡೆಗಳು, ಬಾಳೆಹಣ್ಣಿನ ಕೂಗು. ದಾಟಿ.

ಸುಗಂಧದೆಣ್ಣೆಯ ಅಂಗಡಿ. "ತಗೋಬೇಡಿ ಸಾರ್, ಸುಮ್ನೆ ವಾಸನೆ ನೋಡಿ." ನಿಮ್ಮ ಮುಂಗೈ ಆಗಲೇ ಅವನ ಕೈಯಲ್ಲಿದೆ. ಒಂದು ತೊಟ್ಟು ಮಲ್ಲಿಗೆ, ಪಕ್ಕದಲ್ಲಿ ತಾವರೆ, ಮಣಿಕಟ್ಟಿಗೆ ಗಂಧ. ಸ್ಟೂಲು ಬಂತು, ಹಿಂದೆಯೇ ಟೀ ಬಂತು. ತೊಡೆಯ ಮೇಲೊಂದು ಹಳೇ ನೋಟ್‌ಬುಕ್ಕು: ಯಾವ ಯಾವುದೋ ದೇಶದವರು ಬರೆದುಹೋದ ಮೆಚ್ಚುಗೆ. ಇಷ್ಟು ಜನ ಕೊಂಡಿದ್ದಾರಲ್ಲ ಎಂದು ಮನಸ್ಸು ಮೆತ್ತಗಾಗುತ್ತದೆ. ಕೊಳ್ಳದೆ ಎದ್ದುಹೋದವರು ಯಾರೂ ಅದರಲ್ಲಿ ಬರೆದಿರುವುದಿಲ್ಲ ಎಂಬುದು ಹೊಳೆಯುವುದು ಬಸ್ಸು ಹತ್ತಿದ ಮೇಲೆ!

ಟೀ ಲೋಟ ಖಾಲಿಯಾಗುವಷ್ಟರಲ್ಲಿ ಇದೊಂದನ್ನು ಕೇಳಿ. 1971ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೆನಿಸ್ ರೀಗನ್ ಒಬ್ಬನಿಂದ ಕೆಲವರಿಗೆ ಕೇಳದೆಯೇ ಒಂದು ಕೋಕಾಕೋಲಾ ಕೊಡಿಸಿದರು. ಆಮೇಲೆ ಅವನೇ ಲಾಟರಿ ಟಿಕೆಟ್ ಮಾರಲು ನಿಂತ. ಕೋಲಾ ಕುಡಿದವರು ಕುಡಿಯದವರ ಸುಮಾರು ಎರಡರಷ್ಟು ಟಿಕೆಟ್ ಕೊಂಡರು. ಟಿಕೆಟ್ಟಿನ ಬೆಲೆ ಕೋಲಾಕ್ಕಿಂತ ಜಾಸ್ತಿ. ಅವನನ್ನು ಇಷ್ಟಪಡದವರೂ ಕೊಂಡರು. ರಾಬರ್ಟ್ ಚಾಲ್ಡೀನಿ 1984ರ ತಮ್ಮ ಪುಸ್ತಕದಲ್ಲಿ ಇದನ್ನೇ ಎತ್ತಿ ತೋರಿಸುತ್ತಾರೆ: ಬೇಡದ ಉಪಕಾರವೂ ಋಣವೇ.

ಬಾಟಲಿಗೆ ಮುಚ್ಚಳ ಬಿತ್ತು. "ನಿಮಗಂತ ಕಡಿಮೆ ಮಾಡಿದೀನಿ ಸಾರ್, ಯಾರಿಗೂ ಹೇಳಬೇಡಿ." ನಿಮ್ಮ ಕೈ ಜೇಬಿನ ಕಡೆ ಹೊರಟಿದೆ.

ಹೂವಿನಾಕೆಯೂ ನಿಮ್ಮನ್ನು ಮಾತಿನಲ್ಲಿ ಕಟ್ಟಿಹಾಕಿದಳು, ಸರಿಯೇ. ಆದರೆ ಅವಳ ಕೊಸರು ಬಂದದ್ದು ವ್ಯಾಪಾರ ಮುಗಿದ ಮೇಲೆ, ನಾಳೆಯೂ ನೀವು ಬರಲೆಂದು. ಇವನ ಎಣ್ಣೆ ಬಂದದ್ದು ಬೆಲೆ ಕೇಳುವ ಮೊದಲೇ. ನಾಳೆ ನೀವು ಬರುವುದಿಲ್ಲವೆಂದು ಅವನಿಗೆ ಗೊತ್ತು. ಗಂಧದೆಣ್ಣೆಯೇ ಬೇಕಿದ್ದರೆ ಸರ್ಕಾರಿ ಮಳಿಗೆಯ ದರ ವಿಚಾರಿಸಿಕೊಂಡು ಬನ್ನಿ. ಈಗ ಟೀಗೆ ಥ್ಯಾಂಕ್ಸ್ ಹೇಳಿ ಎದ್ದುಬಿಡಿ.