ಚೌಬಾರದ ಕಿಲೋಮೀಟರು, ಕೌಠಾದ ಕಿಲೋಮೀಟರು

ಡ್ಯಾಷ್‌ಬೋರ್ಡಿನಲ್ಲಿ ಸರ್ವಿಸ್ ನೆನಪಿಸುವ ಪಾನಾದ ಚಿತ್ರ ಹೊತ್ತಿಕೊಂಡಾಗ ಜನ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಗಾಬರಿಬಿದ್ದು ಗಾಡಿ ಬದಿಗೆ ಹಾಕಿ ಫೋನು ತೆಗೆಯುತ್ತದೆ. ಇನ್ನೊಂದು ಪಂಗಡ, ಅದರಲ್ಲಿ ನಮ್ಮ ಬೀದರಿನವರೇ ಹೆಚ್ಚೆಂದು ನನ್ನ ಗುಮಾನಿ, ಟ್ರಿಪ್ ಮೀಟರಿನ ಗುಂಡಿಯನ್ನು ಒತ್ತಿ ಹಿಡಿದು ದೀಪವನ್ನೇ ಆರಿಸಿ ಹೊರಟುಬಿಡುತ್ತದೆ. ದೀಪಕ್ಕೆ ಇಬ್ಬರೂ ಒಂದೇ. ಎಣ್ಣೆ ಬದಲಾಯಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದರೆ ಸೊನ್ನೆಯಿಂದ ಎಣಿಕೆ ಶುರು. ಹಳೇ ಗಾಡಿ ಕೊಳ್ಳುವವರು ದೀಪ ಹೊತ್ತಿಲ್ಲವೆಂದು ಖುಷಿಪಡಬಾರದು, ಬಿಲ್ಲು ಕೇಳಬೇಕು.

ಅಪ್ಪನ ಅಂಬಾಸಿಡರಿಗೆ ಈ ದೀಪವಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಆಯಿಲ್ ಬದಲಿಸಿದ ದಿನವೂ ಮೀಟರಿನ ಅಂಕಿಯೂ ಇರುತ್ತಿದ್ದವು. ಭಾಲ್ಕಿಯ ಮಿಸ್ತ್ರಿ ಆ ಅಂಕಿಯನ್ನು ಕೇಳಿಸಿಕೊಂಡು ತಲೆಯಾಡಿಸಿ, ಗೇಜಿನ ಕಡ್ಡಿ ಎಳೆದು, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದ ಮೇಲೆಯೇ ತೀರ್ಪು ಹೇಳುತ್ತಿದ್ದ.

ದೂರವನ್ನು ಎಣಿಸುವ ಯಂತ್ರ ಮಾತ್ರ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ಬರೆದಿಟ್ಟ ಬಂಡಿಯಲ್ಲಿ ಗಾಲಿ 400 ಸುತ್ತು ಸುತ್ತಿದರೆ ಒಂದು ಮೈಲಿ. ಮೈಲಿಗೊಂದು ಕಲ್ಲುಹರಳು ಡಬ್ಬಿಗೆ ಬೀಳುತ್ತಿತ್ತು. ಸಂಜೆ ಹರಳು ಎಣಿಸಿದರೆ ದಾರಿಯ ಲೆಕ್ಕ ಸಿಕ್ಕಿತು. ನಮ್ಮ ಓಡೋಮೀಟರು ಅದೇ ಡಬ್ಬಿಯ ವಂಶದ್ದು. 1980ರ ದಶಕದಲ್ಲಿ ಬಿಎಂಡಬ್ಲ್ಯು ತನ್ನ ಕಾರುಗಳಿಗೆ ಸರ್ವಿಸ್ ಹತ್ತಿರವಾದಂತೆ ಒಂದೊಂದಾಗಿ ಆರುವ ಹಸಿರು ದೀಪಗಳನ್ನು ಕೂರಿಸಿತು. ಎಂಜಿನ್ ಎಷ್ಟು ಸುತ್ತಿತು, ಎಷ್ಟು ಬಿಸಿಯಾಯಿತು ಎಂಬುದೂ ಅದರ ಲೆಕ್ಕಕ್ಕೆ ಬರುತ್ತಿತ್ತು. ನಮ್ಮ ಕಡೆ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಅಷ್ಟು ಬುದ್ಧಿಯಿಲ್ಲ. ಇಷ್ಟು ಕಿಲೋಮೀಟರು ಇಲ್ಲವೇ ಇಷ್ಟು ತಿಂಗಳು, ಯಾವುದು ಮೊದಲೋ ಅದಕ್ಕೆ ಹೊತ್ತಿಕೊಳ್ಳುತ್ತವೆ. ಅನೇಕ ಪೆಟ್ರೋಲ್ ಗಾಡಿಗಳಿಗೆ ಅದು 10,000 ಕಿ.ಮೀ. ಅಥವಾ ಒಂದು ವರ್ಷ.

ನನ್ನ ತಕರಾರು ಇರುವುದು ಇಲ್ಲಿಯೇ. ಈ ದೀಪ ಕಿಲೋಮೀಟರುಗಳನ್ನೆಲ್ಲ ಒಂದೇ ಜಾತಿಯವೆಂದುಕೊಂಡಿದೆ. ಮನೆಯಿಂದ ಊರೊಳಗಿನ ಚೌಬಾರದವರೆಗೆ ಹೋಗಿ ತರಕಾರಿ ಕೊಂಡು ಬರುವಾಗ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಹುಟ್ಟಿದ ನೀರಾವಿಯೂ ಉರಿಯದ ಪೆಟ್ರೋಲೂ ಎಣ್ಣೆಯಲ್ಲೇ ಉಳಿದುಬಿಡುತ್ತವೆ. ‘ಗಾಡಿ ಓಡಿಸೋದೇ ಇಲ್ಲ, ಆಯಿಲ್ ಯಾಕ ಬದಲಿಸಬೇಕ್ರಿ’ ಎನ್ನುವ ನಿವೃತ್ತ ಗೆಳೆಯರಿಗೆ ಇದನ್ನು ಹೇಳಿ ಸೋತಿದ್ದೇನೆ. ಇತ್ತ ಔರಾದ್ ರಸ್ತೆ ಹಿಡಿಯಿರಿ. ಬೀದರಿನ ಕೆಂಪು ಜಂಬಿಟ್ಟಿಗೆಯ ದಿಬ್ಬ ಇಳಿದು, ಕೌಠಾದಲ್ಲಿ ಮಾಂಜ್ರಾ ದಾಟಿದರೆ ಕರಿಮಣ್ಣಿನ ಸೀಮೆ. ದೂರದ ಓಟ ಎಣ್ಣೆಗೆ ಒಳ್ಳೆಯದೇ, ಆವಿಯೆಲ್ಲ ಹಾರಿಹೋಗುತ್ತದೆ. ಆದರೆ ಸೋಯಾ ರಾಶಿ ಮಾಡುವ ದಿನಗಳಲ್ಲಿ ಹೊಲಕ್ಕೆ ಇಳಿಯುವ ಅಡ್ಡದಾರಿಗಳಲ್ಲಿ ಓಡಾಡಿ ಬಂದ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ಬಡಿದರೆ ಹಿಡಿ ಮಣ್ಣು ಉದುರುತ್ತದೆ. ದೀಪಕ್ಕೆ ಈ ಕಿಲೋಮೀಟರೂ ಒಂದೇ, ಆ ಕಿಲೋಮೀಟರೂ ಒಂದೇ.

ದೂರ ಅಳೆಯುವಾಗ ಊರಿನ ಗುಣವೂ ಲೆಕ್ಕಕ್ಕೆ ಬಂದ ಕಾಲವೊಂದಿತ್ತು. ಇದೇ ಬೀದರಿನ ಬಯಲಿನಲ್ಲಿ 1841ರಲ್ಲಿ, ಭಾರತದ ನೆಲ ಅಳೆಯುತ್ತಿದ್ದ ಮಹಾ ತ್ರಿಕೋನಮಿತಿ ಸರ್ವೆಯವರು ಆಧಾರರೇಖೆಯೊಂದನ್ನು ಅಳೆದರು. ಆಂಡ್ರ್ಯೂ ವಾ ಅದರ ಮುಂದಾಳು. ಬಿಸಿಲಿಗೆ ಲೋಹ ಹಿಗ್ಗುತ್ತದೆ, ಹಿಗ್ಗಿದ ಅಳತೆಕೋಲು ಸುಳ್ಳು ಹೇಳುತ್ತದೆ. ಅದಕ್ಕೇ ಕಬ್ಬಿಣ ಹಿತ್ತಾಳೆಗಳ ಪಟ್ಟಿಗಳನ್ನು ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದರಿಂದ ಸರಿದೂಗಿಸುವ ಕೋಲ್ಬಿ ಕೋಲುಗಳನ್ನು ಬಳಸಿದರು. ಬೀದರಿನ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಳತೆ ಅದು. ನೂರೆಂಬತ್ತು ವರ್ಷಗಳ ಮೇಲೆ ಅದೇ ಬಿಸಿಲಿನಲ್ಲಿ ಓಡುವ ನನ್ನ ಕಾರಿಗೆ ಆ ಮರ್ಯಾದೆಯೂ ಗೊತ್ತಿಲ್ಲ.

ಕಾರಿನ ಕೈಪಿಡಿಗೆ ಗೊತ್ತಿದೆ, ಪಾಪ. ಹಿಂದಿನ ಪುಟಗಳಲ್ಲಿ ಸಣ್ಣಕ್ಷರದಲ್ಲಿ, ಧೂಳಿನ ರಸ್ತೆ, ಪದೇಪದೇ ಗಿಡ್ಡ ಓಡಾಟ ಇದ್ದರೆ ಅವಧಿಗೆ ಮೊದಲೇ ಸರ್ವಿಸ್ ಮಾಡಿಸಿ ಎಂದಿರುತ್ತದೆ. ಆ ಪುಟವನ್ನು ಓದದೆಯೇ ಪಾಲಿಸುವವನು ಈಗಿನ ನಮ್ಮ ಮಿಸ್ತ್ರಿ. ಬಾಗಿಲ ಸಂದಿಯ ಚೀಟಿಯಲ್ಲಿ ದೀಪದ ಅಂಕಿಗಿಂತ ಕಡಿಮೆ ಅಂಕಿಯನ್ನೇ ಬರೆಯುತ್ತಾನೆ. ಹಾಗೇಕೆ ಎಂದು ಕೇಳಿದೆ.

‘ಸರ್, ನಿಮ್ಮ ಲೈಟ್ ದಿಲ್ಲಿ ಹಿಸಾಬ್ ಮಾಡ್ತದ, ನೀವು ಔರಾದಕ್ಕ ಹೋಗ್ತೀರಿ’ ಅಂದ. ಪಾನಾ ಹೊತ್ತಿದರೆ ವಾರದೊಳಗೆ ಬನ್ನಿ, ಹಳದಿ ಎಂಜಿನ್ ಹೊತ್ತಿದರೆ ಬೇಗ ಬನ್ನಿ, ಅದು ಮಿಣುಕಿದರೆ ಓಡಿಸಬೇಡಿ ಎಂದೂ ಸೇರಿಸಿದ. ಕೆಂಪು ಎಣ್ಣೆಗಿಂಡಿ ಹೊತ್ತಿದರೆ? ಅಲ್ಲೇ ಎಂಜಿನ್ ಬಂದ್ ಮಾಡಿ ಫೋನ್ ಹಚ್ಚಬೇಕಂತೆ. ಗುಂಡಿ ಒತ್ತಿದರೆ ಅದು ಆರುವುದಿಲ್ಲ.